ರೆಮೆಡಿಯೋಸಜ್ಜಿಯ ಮೂವರು ರಾಜರು

ಸ್ಪೇನಿನ ಮಕ್ಕಳಿಗೆ ಉಡುಗೊರೆ ತರುವವರು ಮೂವರು ರಾಜರು. ಹಸುಗೂಸು ಯೇಸುವನ್ನು ನೋಡಲು ಚಿನ್ನ, ಧೂಪ ಮೊದಲಾದ ಕಾಣಿಕೆ ಹೊತ್ತು ಪೂರ್ವದಿಂದ ಒಂಟೆಯೇರಿ ಬಂದವರು. ಜನವರಿ ಐದರ ಸಂಜೆ ಮೆರವಣಿಗೆಯಲ್ಲಿ ಬರುತ್ತಾರೆ. ನೆದರ್‌ಲೆಂಡ್ಸಿನ ಮಕ್ಕಳಿಗೋ ಡಿಸೆಂಬರಿನ ಸಿಂಟರ್‌ಕ್ಲಾಸ್ ಎಂಬ ಬಿಳಿಗಡ್ಡದ ಮುದುಕ. ಅವನು ಹಡಗು ಹತ್ತಿ ಸ್ಪೇನಿನಿಂದಲೇ ಬರುತ್ತಾನಂತೆ! ಇದನ್ನು ಕೇಳಿದಾಗಲೆಲ್ಲ ನೆದರ್‌ಲೆಂಡ್ಸಿನ ಡೆಲ್ಫ್ಟ್ ಊರಲ್ಲಿದ್ದ ರೆಮೆಡಿಯೋಸಜ್ಜಿಗೆ ಮೈ ಉರಿಯುತ್ತಿತ್ತು. "ಸ್ಪೇನು ನಾನು ಹುಟ್ಟಿ ಬೆಳೆದ ದೇಶ. ಆ ಮುದುಕನ್ನ ಅಲ್ಲಿ ಒಬ್ಬರೂ ಕಂಡಿಲ್ಲ" ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದಳು.

ಹರೆಯದಲ್ಲಿ ಗಂಡನ ಹಿಂದೆ ಬಂದು, ಬಿಸ್ಕತ್ತಿನ ಕಾರ್ಖಾನೆಯಲ್ಲಿ ದುಡಿದು ಮುದುಕಿಯಾದವಳು ಆಕೆ. ಡಚ್ ಕಲಿತಳು, ಸೈಕಲ್ಲು ಕಲಿತಳು, ಸಂಜೆ ಆರಕ್ಕೇ ಊಟ ಮುಗಿಸುವುದನ್ನು ಮಾತ್ರ ಕಲಿಯಲಿಲ್ಲ. ರಾಜರನ್ನೂ ಬಿಡಲಿಲ್ಲ. ವರ್ಷವರ್ಷವೂ ಸ್ಪ್ಯಾನಿಷ್ ಸಂಘದ ಮೂವರು ಮುದುಕರಿಗೆ ಹತ್ತಿಯ ಗಡ್ಡ ಕಟ್ಟಿ, ಮಿಠಾಯಿ ಎರಚಿಸುತ್ತಾ ಬೀದಿಯಲ್ಲಿ ನಡೆಸುತ್ತಿದ್ದಳು.

ಕೊರೋನಾದ ಮೊದಲ ಚಳಿಗಾಲದಲ್ಲಿ ಲಾಕ್‌ಡೌನ್ ಬಂತು. ಬೇರೆಬೇರೆ ಮನೆಯವರು ಬೀದಿಯಲ್ಲಿ ಇಬ್ಬರಿಗಿಂತ ಹೆಚ್ಚು ಸೇರುವಂತಿಲ್ಲ. ರಾಜರೋ ಮೂವರು! "ಈ ವರ್ಷ ಇಬ್ಬರೇ ಬರಲಿ ಬಿಡಮ್ಮ" ಎಂದ ಮಗ.

"ಯಾರನ್ನ ಬಿಡಲಿ? ಚಿನ್ನ ತಂದವನನ್ನೋ, ಧೂಪ ತಂದವನನ್ನೋ?" ಅಜ್ಜಿ ಕೆರಳಿದಳು.

ಈ ಹಟಕ್ಕೆ ಕಾರಣವಿತ್ತು. ಏಳು ವರ್ಷದ ಮೊಮ್ಮಗಳು ಪಾಲೋಮಾ ಅಪ್ಪನ ಹತ್ತಿರ, "ನಿಜವಾದ ರಾಜರಾಗಿದ್ರೆ ಲಾಕ್‌ಡೌನ್ ಇದ್ರೂ ಬರ್ತಾರೆ. ಬರ್ಲಿಲ್ಲ ಅಂದ್ರೆ ಎಲ್ಲಾ ಸುಳ್ಳು" ಎಂದದ್ದು ಅಜ್ಜಿಯ ಕಿವಿಗೆ ಬಿದ್ದಿತ್ತು. ಮಗ ಆಗಲೇ ಮುಕ್ಕಾಲು ಡಚ್ಚನಾಗಿದ್ದ. ತನ್ನ ಊರಿನದೆಂದು ಆ ಮಗುವಿನಲ್ಲಿ ಉಳಿದಿದ್ದು ಇದೊಂದೇ, ಅದೂ ಹೋದರೆ ತಾನು ಬದುಕಿದ್ದೂ ವ್ಯರ್ಥ ಎನಿಸಿತು ಅವಳಿಗೆ.

ಒಂದೇ ಮನೆಯ ಮೂವರಾದರೆ ಅಡ್ಡಿಯಿಲ್ಲವಲ್ಲ! ಅಜ್ಜಿಯ ಪಕ್ಕದ ಮನೆಯಲ್ಲಿ ಹೊಸದಾಗಿ ಬಂದ ವಿಜಯಪುರದ ಇಂಜಿನಿಯರ್ ಬಷೀರ್, ಹೆಂಡತಿ ಮುಮ್ತಾಜ್, ಓದಲು ಬಂದ ಅವನ ತಂಗಿ ಅಲೀಝಾ ಇದ್ದರು. ಅಜ್ಜಿ ಗಡ್ಡಗಳನ್ನು ಹಿಡಿದುಕೊಂಡೇ ಹೋಗಿ ಬಾಗಿಲು ತಟ್ಟಿದಳು.

"ಆಂಟಿ, ನಾವು ಮುಸ್ಲಿಮರು" ಎಂದು ಬಷೀರ್ ಮುಜುಗರಪಟ್ಟ.

"ಆ ಮೂವರೇನು ಕ್ರಿಶ್ಚಿಯನ್ನರಾಗಿದ್ದರಾ? ಪೂರ್ವದಿಂದ ಬಂದವರು, ಅಷ್ಟೇ. ನೀವೆಲ್ಲಿಂದ ಬಂದಿದ್ದೀರಿ?"

ಬಷೀರ್ ಒಂದು ಗಡ್ಡ ಕೈಗೆತ್ತಿಕೊಂಡ. "ಹೆಂಗಸರು ರಾಜರಾಗೋದಾ?" ಎಂದು ಮುಮ್ತಾಜ್ ನಕ್ಕಳು. ಅಲೀಝಾ ಮಾತ್ರ ಆಗಲೇ ಗಡ್ಡ ಕಟ್ಟಿಕೊಂಡು ಕನ್ನಡಿ ಮುಂದೆ ನಿಂತಿದ್ದಳು.

ಜನವರಿ ಐದರ ಸಂಜೆ ಅಜ್ಜಿ ಮಗನ ಮನೆಗೆ ಹೋಗಿ ಮೊಮ್ಮಗಳನ್ನು ಕಿಟಕಿಯಲ್ಲಿ ನಿಲ್ಲಿಸಿದಳು. ಒಂಟೆಯ ಬದಲು ಸೈಕಲ್ಲು. ಜರಿ ಶಾಲು ಹೊದ್ದ ಮೂವರು ಗಂಟೆ ಬಾರಿಸುತ್ತಾ ಬಂದರು. ಕಿಟಕಿಯತ್ತ ಮಿಠಾಯಿ ಹಾರಿತು. ಪಾಲೋಮಾ ಕೈಚಾಚಲಿಲ್ಲ. ಸ್ಪ್ಯಾನಿಷಿನಲ್ಲಿ ಖಡಕ್ಕಾಗಿ, "ನೀವು ಎಲ್ಲಿಂದ ಬಂದಿರಿ?" ಎಂದು ಕೇಳಿದಳು.

ಅಜ್ಜಿ ರಾಜರಿಗೆ ಎಲ್ಲ ಹೇಳಿಕೊಟ್ಟಿದ್ದಳು, ಎರಡು ಮಾತು ಸ್ಪ್ಯಾನಿಷ್ ಕಲಿಸುವುದನ್ನೇ ಮರೆತಿದ್ದಳು!

ರಾಜರು ಮುಖಮುಖ ನೋಡಿಕೊಂಡರು. ಕೊನೆಗೆ ಬಷೀರ್ ಗಾಬರಿಯಲ್ಲಿ ತನ್ನೂರಿನ ಕನ್ನಡದಲ್ಲೇ ಕೂಗಿದ: "ಏನ್ ಕೇಳಾಕತ್ತೀಯೋ ತಿಳೀವಲ್ದವ್ವಾ! ಭಾಳ ದೂರದಿಂದ ಬಂದೀವಿ ನೋಡು!"

ಪಾಲೋಮಾ ಅಜ್ಜಿಯ ತೋಳು ಜಗ್ಗಿದಳು.

"ಅಜ್ಜೀ, ಇವರಿಗೆ ನಮ್ಮ ಭಾಷೆ ಬರೋದೇ ಇಲ್ಲ. ಇದು ಡಚ್ಚೂ ಅಲ್ಲ. ನಿಜವಾದ ರಾಜರು! ಇಷ್ಟು ವರ್ಷ ಬರ್ತಿದ್ದೋರು ಸಂಘದ ತಾತಂದಿರು ಅಂತ ನಂಗೆ ಗೊತ್ತಿತ್ತು. ನಿಂಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ."