ತೂಕದ ಮಾವನ ದಾರಿ ಹೇಳುವ ಪೆಟ್ಟಿಗೆ

ಮೂವತ್ತು ವರ್ಷದಲ್ಲಿ ಮೊದಲ ಸಲ ತೂಕದ ಮಾವನ ಜೀಪಿನಲ್ಲಿ ಪಕ್ಕದ ಸೀಟು ಖಾಲಿಯಾಗಿತ್ತು. ಅದನ್ನು ನೋಡಿದಾಗಲೆಲ್ಲ ಅವನು ಜೀಪಿನ ಬಾಗಿಲು ಹಾಕಿ ಮನೆಯೊಳಗೆ ಬಂದುಬಿಡುತ್ತಿದ್ದ.

ಮಾವನೆಂದರೆ ಯಾರ ಸೋದರಮಾವನೂ ಅಲ್ಲ. ತಕ್ಕಡಿ ರಿಪೇರಿಯವನು. ಗೋದಾಮು, ಕಲ್ಲುಗಣಿ, ಅಂಚೆ ಕಚೇರಿ, ಗುಡ್ಡದ ಮೇಲಿನ ಸಣ್ಣ ಆಸ್ಪತ್ರೆ, ಎಲ್ಲೆಲ್ಲಿ ತೂಕ ನೋಡುತ್ತಾರೋ ಅಲ್ಲೆಲ್ಲ ಹೋಗಿ ಯಂತ್ರ ಬಿಚ್ಚಿ, ಒರೆಸಿ, ಸರಿಮಾಡಿ ಬರುವವನು. ಯಾವುದೋ ಮಗು ಒಮ್ಮೆ ಮಾವ ಎಂದು ಕರೆದಿತ್ತಂತೆ, ಆಮೇಲೆ ಹಣ್ಣುಹಣ್ಣು ಮುದುಕರಿಗೂ ಅವನು ಮಾವನೇ. ಅವನ ಹೆಂಡತಿ ಹಾಗಾಗಿ ಅತ್ತೆ. ಆ ಅತ್ತೆಗೆ ಈ ಬಿರುದು ಎಳ್ಳಷ್ಟೂ ಹಿಡಿಸಿರಲಿಲ್ಲ. "ನನಗಿಂತ ಹಿರಿಯರೆಲ್ಲ ಅತ್ತೆ ಅಂದ್ರೆ ನಾನು ಯಾವಾಗ ಚಿಕ್ಕವಳಾಗಿದ್ದೆ?" ಎನ್ನುತ್ತಿದ್ದಳು. ಅವಳ ಬಾಯಿಯೇ ಹಾಗೆ, ಒಳಗೆ ಬರೀ ಬೆಣ್ಣೆ.

ಆ ಅತ್ತೆ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಹಿಮ್ಮಡಿಯ ಹತ್ತಿರ ಮೂಳೆ ಮುರಿದುಕೊಂಡು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಕಾಲು ನೋಯುತ್ತಿದ್ದುದು ಅವಳಿಗಾದರೂ ನಿದ್ದೆ ಕೆಟ್ಟದ್ದು ಮಾವನಿಗೆ. ಯಾಕೆಂದರೆ ಈ ಮನುಷ್ಯನಿಗೆ ದಾರಿ ಗೊತ್ತಿರಲಿಲ್ಲ. ನಂಬುವ ಮಾತಲ್ಲ, ಆದರೂ ನಿಜ. ಅಷ್ಟು ವರ್ಷವೂ ಅವನ ಕಣ್ಣು ಚಕ್ರದ ಮುಂದಿನ ಗುಂಡಿಯ ಮೇಲೆ, ಕಿವಿ ಹೆಂಡತಿಯ ಬಾಯಿಯ ಮೇಲೆ. ಎಲ್ಲಿ ತಿರುಗಬೇಕು, ಎಲ್ಲಿ ಹಳ್ಳ ದಾಟಬೇಕು, ಮರದ ಲಾರಿಗಳು ಹೊಸದಾಗಿ ಮಾಡಿದ ಜಾಡು ಯಾವುದು, ಹಳೆಯದು ಯಾವುದು, ಎಲ್ಲ ಅವಳ ತಲೆಯಲ್ಲಿ. ಗಣಿ ದಾಟಿದರೆ ಫೋನಿಗೆ ಸಿಗ್ನಲ್ಲೂ ಇಲ್ಲ. ಮುಂದಿನ ಸುತ್ತು ತಪ್ಪಿದರೆ ಆ ಗುಡ್ಡದವರು ಯಾರನ್ನು ಕರೆಯಬೇಕು?

"ಜಿಪಿಎಸ್ ತಗೊಳ್ಳಿ. ಇರೋದೇ ಅದಕ್ಕಲ್ವಾ," ಎಂದಳು ಅತ್ತೆ.

"ಅದು ನಿನ್ನ ಹಾಗೆ ಹೇಳುತ್ತಾ?"

"ನನ್ನ ಹಾಗೆ ಬೈಯಲ್ಲ. ಅಷ್ಟಾದ್ರೂ ಲಾಭ."

ಪೇಟೆಯ ಅಂಗಡಿಗೆ ಮಾವ ಒಬ್ಬನೇ ಹೋದ. ಅಂಗಡಿ ನಡೆಸುವ ಹೆಂಗಸು ತಾನೂ ರಜೆ ಬಂದರೆ ಬೈಕು ಹತ್ತಿ ಕಾಡುಮೇಡು ಸುತ್ತುವವಳಂತೆ, ಮಾತಿನಲ್ಲಿ ಚುರುಕು. ಗಾಜಿನ ಮೇಜಿನ ಮೇಲೆ ಮೊದಲು ಒಂದು ದೊಡ್ಡ ಪರದೆಯದನ್ನು ಇಟ್ಟಳು. ಬಣ್ಣವೇನು, ಹೊಳಪೇನು! ಬೆಲೆ ಕೇಳಿದ ಮಾವ ಮುಟ್ಟಿದ್ದ ಬೆರಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

"ಇದು ನಿಮಗೆ ಬೇಡ ಅಂಕಲ್," ಎಂದಳು ಅವಳೇ. "ಡಾಂಬರು ರಸ್ತೆ ಇರೋ ತನಕ ರಾಜ. ಮಣ್ಣಿನ ಜಾಡು ಬಂತು ಅಂದ್ರೆ ಪರದೆ ಪೂರ್ತಿ ಖಾಲಿ. ಇಗೋ, ಇದು ನೋಡಿ."

ಎರಡನೆಯದು ಮುಷ್ಟಿಯಷ್ಟೇ ಗಾತ್ರದ್ದು, ಗುಂಡಿ ಒತ್ತುವಂಥದ್ದು. ಕಲ್ಲಿನ ಮೇಲೆ ಬಿದ್ದರೂ ಒಡೆಯುವುದಿಲ್ಲ, ಮಳೆಗೂ ಜಗ್ಗುವುದಿಲ್ಲ, ಬೆಲೆಯೂ ಕೈಗೆಟಕುವಂಥದ್ದು. ಮಾವನಿಗೆ ಅದರ ಮೇಲೆ ಮನಸ್ಸಾಯಿತು. ಮುಖ್ಯವಾಗಿ ಅದು ಮಾತಾಡುತ್ತಿರಲಿಲ್ಲ. ಆದರೆ ಮನೆಗೆ ಫೋನು ಮಾಡಿ ಕೇಳದೆ ಅವನು ಅಂಗಿ ಸಹ ಕೊಂಡವನಲ್ಲ.

"ಮಾತಾಡಲ್ವಾ?" ಎಂದಳು ಅತ್ತೆ. "ಹಾಗಾದ್ರೆ ಗಾಡಿ ಓಡಿಸೋವಾಗ ಅಷ್ಟು ಚಿಕ್ಕ ಪರದೆ ಯಾರು ನೋಡೋದು? ನೀವು ಕನ್ನಡಕ ಹುಡುಕೋದ್ರೊಳಗೆ ಜೀಪು ಹಳ್ಳದಲ್ಲಿರುತ್ತೆ. ಫೋನು ಆಕೆಗೆ ಕೊಡಿ."

ಆಮೇಲೆ ಅಂಗಡಿಯಾಕೆಗೂ ಅತ್ತೆಗೂ ನಡೆದ ಮಾತುಕತೆಯಲ್ಲಿ ಮಾವನಿಗೆ ಕೆಲಸವೇ ಇರಲಿಲ್ಲ. ಸಿಗ್ನಲ್ ಇಲ್ಲದಿದ್ದರೂ ನಕ್ಷೆ ಬರುತ್ತಾ, ಕಾಲುದಾರಿ ಮಣ್ಣುದಾರಿ ಎಲ್ಲ ಅದರಲ್ಲಿದೆಯಾ, ನಕ್ಷೆ ಹೊಸದು ಮಾಡಿಸಲು ಮತ್ತೆ ದುಡ್ಡು ಕೇಳುತ್ತಾರಾ, ಬಿಸಿಲಿಗೆ ಪರದೆ ಕಾಣುತ್ತಾ, ಗಾಡಿಯಿಂದಲೇ ಚಾರ್ಜ್ ಆಗುತ್ತಾ. ಕೊನೆಗೆ ಇಬ್ಬರೂ ಸೇರಿ ಗೊತ್ತುಮಾಡಿದ್ದು ಮೂರನೆಯದನ್ನು. ಯಾರೋ ಒಂದು ವರ್ಷ ಬಳಸಿ ಮಾರಿದ್ದು, ಅಂಚು ಸ್ವಲ್ಪ ಸವೆದಿತ್ತು. ಅಂಗೈಯಗಲದ ಪರದೆ, ಹೆಣ್ಣಿನ ದನಿ. ಎಲ್ಲ ಕೇಳಿಸಿಕೊಂಡ ಮಾವನ ಮನಸ್ಸಿನಲ್ಲಿ ಉಳಿದದ್ದು ಒಂದೇ: ಇದು ಕೈಕೊಟ್ಟರೆ?

ಮನೆಗೆ ಬಂದು ಅದನ್ನು ಖಾಲಿ ಸೀಟಿನ ಎದುರಿಗೇ ಅಂಟಿಸಿದ. ಅವನ ಮುಂದೆ ಜಾಗವಿರಲಿಲ್ಲವೆಂದಲ್ಲ. ದಾರಿಯ ಮಾತು ಆ ಕಡೆಯಿಂದ ಬಂದೇ ಅವನಿಗೆ ಅಭ್ಯಾಸ.

ಒಂದೆರಡು ದಿನ ಹತ್ತಿರದ ಬೀದಿಗಳಲ್ಲಿ ಓಡಿಸಿ ರೂಢಿ ಮಾಡಿಕೊಳ್ಳಬೇಕು ಎಂದುಕೊಂಡಿದ್ದ. ಅಷ್ಟು ಹೊತ್ತು ಯಾರು ಕೊಡುತ್ತಾರೆ? ಮರುದಿನ ಬೆಳಿಗ್ಗೆಯೇ ಗುಡ್ಡದ ಆಸ್ಪತ್ರೆಯ ನರ್ಸು ಅಲ್ಲಿನ ಲ್ಯಾಂಡ್‌ಲೈನಿನಿಂದ ಫೋನು ಮಾಡಿದಳು.

"ಮಾವ, ಮಗು ತೂಗೋ ಯಂತ್ರ ಹುಚ್ಚುಹುಚ್ಚಾಗಿ ಆಡ್ತಿದೆ. ಒಂದ್ಸಲ ಒಂದು ತೋರಿಸುತ್ತೆ, ಮತ್ತೆ ಮಲಗಿಸಿದ್ರೆ ಇನ್ನೊಂದು. ಇಲ್ಲೊಂದು ಕೂಸು ಹುಟ್ಟಿ ನಾಲ್ಕು ದಿನ ಆಯ್ತು, ಸಣ್ಣದು. ಹಾಲು ಸರಿಯಾಗಿ ಎಳೀತಿಲ್ಲ ಅಂತ ನನಗೆ ಅನುಮಾನ. ತೂಕ ಇಳೀತಿದ್ರೆ ಇವತ್ತೇ ಕೆಳಗೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು. ಇಳೀದೇ ಇದ್ರೆ ಈ ಹಸಿ ಬಾಣಂತೀನ ಆ ದಾರೀಲಿ ಕುಲುಕಿಸೋದು ಪಾಪ. ನಮ್ಮ ಗಾಡಿ ಬೇರೆ ಕಡೆ ಹೋಗಿದೆ. ಬರ್ತೀರಾ?"

"ಬರ್ತೀನಿ ತಾಯಿ," ಎಂದದ್ದು ತಾನೇ ಹೌದೋ ಅಲ್ಲವೋ ಎಂದು ಮಾವನಿಗೇ ಅನುಮಾನ ಬಂತು. ನರ್ಸು ಹೇಳಿದ ಅಕ್ಷಾಂಶ ರೇಖಾಂಶದ ಅಂಕಿಗಳನ್ನು, ಅವನು ಜೀಪಿನಿಂದ ಬಿಡಿಸಿ ತಂದ ಪೆಟ್ಟಿಗೆಗೆ ಅತ್ತೆ ಕೂತಲ್ಲಿಂದಲೇ ಒತ್ತಿ ಹಾಕಿದಳು. ಅವನು ಅದನ್ನು ಮತ್ತೆ ಅಂಟಿಸಿ, ಹಿತ್ತಾಳೆಯ ತೂಕದ ಬಟ್ಟುಗಳನ್ನೂ ಸಲಕರಣೆಯನ್ನೂ ಹಿಂದಕ್ಕೆ ಹಾಕಿ ಹೊರಟ.

"ಅದು ಹೇಳಿದ ಹಾಗೆ ಕೇಳಿ. ವಾದ ಮಾಡ್ಬೇಡಿ," ಎಂದು ಕಿಟಕಿಯಿಂದ ಕೂಗಿದಳು ಅತ್ತೆ.

ಗಣಿಯ ತನಕ ಒಂದೇ ರಸ್ತೆ, ತಿರುವಿಲ್ಲ. ಪೆಟ್ಟಿಗೆಗೆ ಕೆಲಸವಿರಲಿಲ್ಲ. ಗಣಿ ದಾಟಿ ಡಾಂಬರು ಮುಗಿದು ಕೆಂಪು ಧೂಳೆದ್ದಾಗ ಅದು ಬಾಯಿಬಿಟ್ಟಿತು: "ಮುಂದೆ ಎಡಕ್ಕೆ ತಿರುಗಿ." ಮಾವ ತಿರುಗಿಸಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ "ಹೊಸ ದಾರಿ ಹುಡುಕಲಾಗುತ್ತಿದೆ" ಎಂದಿತು. ಯಾಕೆ ಹುಡುಕುತ್ತೆ, ಹೇಳಿದ ಹಾಗೇ ಬಂದೆನಲ್ಲ! "ಬಲಕ್ಕೆ ತಿರುಗಿ" ಎಂದಿತು. ತಿರುಗಿಸಿದ. ಮತ್ತೆ ಹೊಸ ದಾರಿ ಹುಡುಕಾಟ. ಎಡಕ್ಕೆ ಎಂದಿತು, ತಿರುಗಿಸಿದ. ಬಲಕ್ಕೆ ಎಂದಿತು, ತಿರುಗಿಸಿದ. ಪೊದೆಗಳು ಎರಡೂ ಕಡೆಯಿಂದ ಜೀಪಿನ ಮೈ ಗೀರತೊಡಗಿದವು. ಕೊನೆಗೆ ಜಾಡು ಸವೆದು ಸವೆದು, ನೀರಿಲ್ಲದ ಹೊಳೆಯ ಮರಳಿನ ಅಂಚಿಗೆ ಬಂದು ನಿಂತುಹೋಯಿತು. ಮುಂದೆ ಚಕ್ರವಿಟ್ಟರೆ ಹೂತುಹೋಗುವುದು ಖಂಡಿತ.

ಇಂಜಿನ್ ಆರಿಸಿದ. ಸದ್ದೇ ಇಲ್ಲ. ಫೋನು ನೋಡಿದ, ಸಿಗ್ನಲ್ಲಿಲ್ಲ. ಬಿಸಿಲು ನೆತ್ತಿಗೆ ಬರುತ್ತಿತ್ತು. ನಾಲ್ಕು ದಿನದ ಕೂಸು, ಹಾಲು ಎಳೀತಿಲ್ಲ.

"ಹಾಳಾದ್ದೇ, ಕೆಟ್ಟ ಮಾಲು ತಲೆಗೆ ಕಟ್ಟಿದಳು ಆ ಅಂಗಡಿಯವಳು!" ಎಂದು ಗಟ್ಟಿಯಾಗಿ ಬೈದ. ಪೆಟ್ಟಿಗೆ ತಣ್ಣಗೆ, "ಸಾಧ್ಯವಾದಲ್ಲಿ ಹಿಂದಕ್ಕೆ ತಿರುಗಿ" ಎಂದಿತು.

ಆಗ ಮೊದಲ ಸಲ ಅವನು ಬಗ್ಗಿ ಪರದೆಯನ್ನು ನೋಡಿದ. ಹೋಗಬೇಕಾದ ದಾರಿ ನೀಲಿ ಗೆರೆ. ತಾನು ಬಂದದ್ದು ಕೆಂಪು ಚುಕ್ಕಿ. ಗಣಿಯ ಪಕ್ಕದ ಮೊದಲ ಕವಲಿನಲ್ಲಿ ನೀಲಿ ಎಡಕ್ಕೆ ಹೋಗಿತ್ತು, ಕೆಂಪು ಬಲಕ್ಕೆ. ಮುಂದಿನದರಲ್ಲಿ ನೀಲಿ ಬಲಕ್ಕೆ, ಕೆಂಪು ಎಡಕ್ಕೆ. ಒಂದೂ ಬಿಡದಂತೆ ಉಲ್ಟಾ.

ಮಾವ ತನ್ನ ಎರಡು ಕೈಗಳನ್ನು ನೋಡಿಕೊಂಡ, ಯಾರದೋ ಕೈಗಳು ಎಂಬಂತೆ.

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅತ್ತೆಗೆ ಚಿಕ್ಕಂದಿನಿಂದಲೂ ಎಡ ಬಲ ಅದಲುಬದಲು. ಉಳಿದದ್ದರಲ್ಲೆಲ್ಲ ಕತ್ತಿಯ ಹಾಗೆ ಚುರುಕು, ಇದೊಂದು ಮಾತ್ರ ಬಾಯಿಗೆ ಬರುವಾಗ ತಿರುಗಿಬಿಡುತ್ತದೆ. ಕೈ ಬಲಕ್ಕೆ ತೋರಿಸುತ್ತಾ ಬಾಯಲ್ಲಿ ಎಡಕ್ಕೆ ಎನ್ನುವವಳು. ಮದುವೆಯಾದ ಹೊಸತರಲ್ಲಿ ಇದಕ್ಕಾಗಿ ಎಷ್ಟು ಜಗಳ! ಒಮ್ಮೆ ಯಾರದೋ ಬೇಲಿಯೊಳಗೆ ಜೀಪು ನುಗ್ಗಿ, ಇಬ್ಬರೂ ಒಂದು ದಿನವಿಡೀ ಮುಖ ತಿರುಗಿಸಿಕೊಂಡು ಕೂತಿದ್ದರು. ಆಮೇಲೆ ಮಾವ ಬಾಯಿ ಹೊಲಿದುಕೊಂಡು, ಅವಳು ಎಡ ಎಂದರೆ ಬಲಕ್ಕೆ ತಿರುಗಿಸತೊಡಗಿದ. ದಾರಿ ಒಂದೂ ತಪ್ಪಲಿಲ್ಲ, ಜಗಳವೂ ನಿಂತಿತು. ನಿಂತು ಎಷ್ಟು ಕಾಲವಾಗಿತ್ತೆಂದರೆ, ಹಾಗೆ ಮಾಡುತ್ತಿದ್ದೇನೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು. ಬೇರೆ ಯಾರೇ ಹೇಳಲಿ, ಸರಿಯಾಗಿಯೇ ತಿರುಗುತ್ತಿದ್ದ. ಆದರೆ ಆ ಸೀಟಿನ ಕಡೆಯಿಂದ, ಹೆಣ್ಣಿನ ದನಿಯಲ್ಲಿ ಬಂದ ಮಾತಿಗೆ ಕೈ ತಲೆಯನ್ನು ಕೇಳದೆ ತಾನೇ ತಿರುಗಿಬಿಟ್ಟಿತ್ತು.

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತೋ ಏನೋ. ಆಗ ಬಂದದ್ದು ಭಯ. ಪೆಟ್ಟಿಗೆ ಕೆಟ್ಟಿದ್ದರೆ ಬೈದು ಸುಮ್ಮನಾಗಬಹುದಿತ್ತು. ಕೆಟ್ಟಿದ್ದು ತಾನು. ಈಗ ತಿದ್ದಿಕೊಳ್ಳೋಣವೆಂದರೆ, ಎಡ ಎಂದು ಕೇಳಿದೊಡನೆ ಕೈ ಬಲಕ್ಕೆ ಜಗ್ಗುತ್ತದೆ, ತಡೆದರೆ ಯಾವುದು ಯಾವುದೆಂದು ತಲೆ ಕಲಸಿಹೋಗುತ್ತದೆ. ಎರಡು ಕವಲು ಹಾಗೆ ಒದ್ದಾಡಿ, ಕೊನೆಗೆ ದನಿಯನ್ನೇ ಆರಿಸಿಬಿಟ್ಟ. ಒಂದೊಂದು ಕವಲಿಗೂ ಜೀಪು ನಿಲ್ಲಿಸುವುದು, ಕನ್ನಡಕ ಏರಿಸುವುದು, ನೀಲಿ ಗೆರೆ ನೋಡುವುದು, ಮತ್ತೆ ಹೊರಡುವುದು. ಆಮೆಯಂಥ ನಡಿಗೆ.

ಆಸ್ಪತ್ರೆ ತಲುಪಿದಾಗ ಮಧ್ಯಾಹ್ನ ವಾಲಿತ್ತು. ನರ್ಸು ಬಾಗಿಲಲ್ಲೇ ನಿಂತಿದ್ದಳು. "ಇಷ್ಟು ಹೊತ್ತಾ ಮಾವ?" ಎಂದಳು. ಅವನು ಬಟ್ಟುಗಳನ್ನು ಎತ್ತಿಕೊಂಡು ಒಳಗೆ ನಡೆದ. ಮೂಲೆಯ ಮಂಚದಲ್ಲಿ ತಾಯಿ, ಅವಳೇ ಇನ್ನೂ ಮಗುವಿನಂತಿದ್ದಳು, ಮಡಿಲಲ್ಲಿ ಬಟ್ಟೆಯ ಗಂಟಿನಂಥ ಕೂಸು. ಅದು ಅಳುತ್ತಿರಲಿಲ್ಲ. ಅತ್ತಿದ್ದರೆ ಮಾವನಿಗೆ ಧೈರ್ಯ ಬರುತ್ತಿತ್ತು.

ಯಂತ್ರ ಬಿಚ್ಚಿ ನೋಡಿದರೆ ಒಳಗೇನೂ ಆಗಿರಲಿಲ್ಲ. ಅದರಡಿಯ ನೆಲದ ಟೈಲ್ ಒಂದು ಸಡಿಲವಾಗಿ ಅಲುಗಾಡುತ್ತಿತ್ತು, ಅಷ್ಟೆ. ಗಟ್ಟಿ ಮೇಜಿನ ಮೇಲೆ ಸಮನಾಗಿ ಕೂರಿಸಿ, ಬಟ್ಟುಗಳನ್ನು ಒಂದೊಂದಾಗಿ ಇಟ್ಟು ನೋಡಿದ. ಸರಿಯಾಗಿತ್ತು. ಕೂಸನ್ನು ಮಲಗಿಸಿದರು. ನರ್ಸು ಅಂಕಿಯನ್ನು ನೋಡಿ ತುಟಿ ಕಚ್ಚಿದಳು.

"ಇನ್ನೊಂದ್ಸಲ, ಮಾವ."

ಇನ್ನೊಂದು ಸಲವೂ ಅದೇ. ಮಾವ ಬಟ್ಟುಗಳನ್ನು ಮತ್ತೆ ಇಟ್ಟು ತೆಗೆದ. ಜನ್ಮದಲ್ಲಿ ಮೊದಲ ಬಾರಿಗೆ, ತಾನು ಸರಿಮಾಡಿದ ತಕ್ಕಡಿ ಸುಳ್ಳು ಹೇಳಲಿ ಎಂದು ಅವನ ಮನಸ್ಸು ಬೇಡಿಕೊಂಡಿತು. ಅದು ಸುಳ್ಳು ಹೇಳಲಿಲ್ಲ.

"ತುಂಬಾ ಇಳಿದಿದೆ," ಎಂದಳು ನರ್ಸು. "ಹೊರಡ್ಬೇಕು. ನಿಮ್ಮ ಜೀಪಲ್ಲೇ."

ತಾಯಿಯನ್ನು ಹಿಂದೆ ದಿಂಬುಗಳ ನಡುವೆ ಕೂರಿಸಿ, ಕೂಸನ್ನು ಅವಳ ಎದೆಗೆ ಬಟ್ಟೆಯಿಂದ ಬಿಗಿಯಾಗಿ ಸುತ್ತಿ, ನರ್ಸು ಪಕ್ಕದ ಸೀಟಿಗೆ ಹತ್ತಿ, ಪೆಟ್ಟಿಗೆಗೆ ದೊಡ್ಡಾಸ್ಪತ್ರೆಯ ಹೆಸರು ಒತ್ತಿದಳು. ಪರದೆಯನ್ನು ನೋಡಿ ಹುಬ್ಬೇರಿಸಿದಳು. "ಇದೇನು, ಬೆಕ್ಕು ಆಡಿದ ನೂಲಿನ ಉಂಡೆ ಹಾಗಿದೆ? ಬಂದ ದಾರೀಲೇ ವಾಪಸ್ ಹೋಗೋಣ ಅಂದ್ರೆ ಹೊಳೆಗೇ ಹೋಗ್ತೀವಲ್ಲ!"

"ಕೆಂಪು ಬೇಡಮ್ಮ, ನೀಲಿ ನೋಡಿ. ಮತ್ತೆ ಒಂದು ಮಾತು. ಎಡ, ಬಲ ಅಂತ ಬಾಯಲ್ಲಿ ಹೇಳ್ಬೇಡಿ. ಕೈ ತೋರಿಸಿ, ಸಾಕು."

"ಯಾಕೆ?"

"ಅದು ನಮ್ಮ ಮನೆ ವಿಷಯ."

ಕವಲು ಬಂದಲ್ಲೆಲ್ಲ ನರ್ಸು ನೀಲಿ ಗೆರೆ ನೋಡಿ ಕೈ ತೋರಿಸಿದಳು. ಮಾವ ತಿರುಗಿಸಿದ. ಗುಂಡಿ ಬಂದಾಗಲೆಲ್ಲ ಅವನ ಕಾಲು ಬ್ರೇಕಿನ ಮೇಲೆ ಮೊಟ್ಟೆಯ ಮೇಲಿಟ್ಟ ಹಾಗೆ ಇಳಿಯುತ್ತಿತ್ತು. "ಉಸಿರಾಡ್ತಿದೆಯಾ?" ಎಂದು ಹಿಂದಕ್ಕೆ ಕೇಳುತ್ತಿದ್ದ. "ಆಡ್ತಿದೆ ಮಾವ," ಎನ್ನುತ್ತಿದ್ದಳು ತಾಯಿ. ಮತ್ತೊಂದು ಗುಂಡಿ, ಮತ್ತದೇ ಪ್ರಶ್ನೆ. ಕೊನೆಗೆ ಅವನು ಕೇಳುವ ಮೊದಲೇ ಅವಳು "ಆಡ್ತಿದೆ" ಎನ್ನತೊಡಗಿದಳು, ಅವನಿಗೇ ಸಮಾಧಾನ ಹೇಳುವವಳಂತೆ.

ದೊಡ್ಡಾಸ್ಪತ್ರೆಯ ಬಾಗಿಲಿಗೆ ಬಂದಾಗ ಇನ್ನೂ ಬೆಳಕಿತ್ತು. ಒಳಗೆ ಅವರದೇ ತಕ್ಕಡಿಯಲ್ಲಿ ಕೂಸನ್ನು ಇಟ್ಟರು. ಮಾವನಿಗೆ ಅಲ್ಲಿ ಕೆಲಸವಿರಲಿಲ್ಲ, ಆದರೂ ಕತ್ತು ಚಾಚಿ ನೋಡಿದ. ಅದೇ ಅಂಕಿ. ಡಾಕ್ಟರಮ್ಮ ಕೂಸಿನ ಬಾಯಿ ಬಿಡಿಸಿ ನೋಡಿ, ಕಿರುಬೆರಳಿನಿಂದ ನಾಲಿಗೆ ಎತ್ತಿ, "ನಾಳೆಗೆ ಬಿಟ್ಟಿದ್ರೆ ಕಷ್ಟ ಇತ್ತು. ಈಗ ಪರವಾಗಿಲ್ಲ, ನಾವು ನೋಡ್ಕೋತೀವಿ," ಎಂದು ಮಂಚದ ಸುತ್ತಲಿನ ಬಟ್ಟೆಯ ಪರದೆ ಎಳೆದುಕೊಂಡಳು.

ಮಾವ ಹೊರಗಿನ ಬೆಂಚಿನಲ್ಲಿ ಕೂತು ಮನೆಗೆ ಫೋನು ಮಾಡಿದ.

"ಮಗು?" ಎಂದಳು ಅತ್ತೆ ಮೊದಲ ಮಾತಿಗೇ.

"ಒಳಗಿದೆ. ಇನ್ನೂ ಗೊತ್ತಿಲ್ಲ."

"ನೀವು?"

"ನಾನು ಹೊರಗಿದೀನಿ."

"ಅಲ್ಲೇ ಇರಿ. ಗೊತ್ತಾದ್ಮೇಲೇ ಬನ್ನಿ."

ಅವನು ಹಾಗೇ ಕೂತ. ಹೋಗುವವರು ಬರುವವರು ಅವನ ಕಾಲು ದಾಟಿ ಓಡಾಡಿದರು. ಯಾರೋ ನೀರು ಕೊಟ್ಟರು, ಲೋಟ ಕೈಯಲ್ಲೇ ಉಳಿಯಿತು. ಪರದೆಯ ಹಿಂದೆ ಮೆಲ್ಲನೆ ಮಾತು, ಏನೋ ಚಮಚದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮಾವ ಎದ್ದು ನಿಂತ, ಕೂತ, ಮತ್ತೆ ಎದ್ದ.

ಪರದೆ ಸರಿಸಿ ನರ್ಸು ತಲೆ ಹೊರಗೆ ಹಾಕಿದಳು. ಅವಳ ಕಣ್ಣು ಕೆಂಪಾಗಿತ್ತು, ಮುಖ ಅರಳಿತ್ತು.

"ಕುಡೀತಿದೆ ಮಾವ," ಎಂದಳು. "ಚಮಚದಲ್ಲೇ. ಬಿಡ್ತಾನೇ ಇಲ್ಲ."