ಕ್ವಿಂಟಾಲಣ್ಣ ಬಗ್ಗಿದ ದಿನ

ಕ್ವಿಂಟಾಲಣ್ಣನಿಗೆ ವಾಸಿಯಾಗದ ಕಾಯಿಲೆ ಹತ್ತಿದೆ, ಒಳಗೊಳಗೇ ಏನೋ ತಿನ್ನುತ್ತಿದೆ, ಮನೆಯವರು ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲ ಎಂಬ ಸುದ್ದಿ ಅವನು ಕೆಲಸ ಮಾಡುವ ಸೋಫಾ ಅಂಗಡಿಯಿಂದ ಹೊರಟು ಬೀದಿಯ ತುದಿಯ ಔಷಧಿ ಅಂಗಡಿಯನ್ನು ಮುಟ್ಟಲು ವಾರವೂ ಹಿಡಿಯಲಿಲ್ಲ. ಸುದ್ದಿಗೆ ಆಧಾರವಿತ್ತು. ಕೆನ್ನೆ ಜೋತುಬಿದ್ದಿತ್ತು, ಅಂಗಿಯೊಳಗೆ ಇನ್ನೊಬ್ಬನಿಗೆ ಬಾಡಿಗೆಗೆ ಕೊಡುವಷ್ಟು ಜಾಗವಾಗಿತ್ತು. ಹಿಂದೆ ಅವನ ಬೆನ್ನ ಹಿಂದೆ ನಗುತ್ತಿದ್ದವರು ಈಗ ಎದುರಿಗೇ ನಿಂತು ಮರುಗತೊಡಗಿದರು. ಎರಡರಲ್ಲೂ ಅವರಿಗೆ ದೊರೆತ ಸುಖ ಒಂದೇ ತೂಕದ್ದು.

ನಿಜ ಸಂಗತಿ ಇಷ್ಟೇ: ಐವತ್ತು ದಾಟಿದ ಕ್ವಿಂಟಾಲಣ್ಣ ವಾರಕ್ಕೊಮ್ಮೆ ತನ್ನ ಹೊಟ್ಟೆಗೆ ತಾನೇ ಸೂಜಿ ಚುಚ್ಚಿಕೊಳ್ಳುತ್ತಿದ್ದ. ಹಸಿವನ್ನು ಅಡಗಿಸಿ ಮೈ ಇಳಿಸುವ ಆ ಔಷಧಿ ಪೆನ್ನಿನಾಕಾರದ ಸಾಧನದಲ್ಲಿ, ಅವನ ಮನೆಯ ಫ್ರಿಜ್ಜಿನಲ್ಲಿ, ಮೊಟ್ಟೆಗಳ ಪಕ್ಕದಲ್ಲಿ ಮಲಗಿರುತ್ತಿತ್ತು. ಮಾರಿದ ಔಷಧಿ ಅಂಗಡಿಯವನಿಗೆ ಇದು ಗೊತ್ತಿತ್ತು. ಆದರೂ ವಾಸಿಯಾಗದ ಕಾಯಿಲೆಯ ಸುದ್ದಿಯನ್ನು ಆತನೂ ಕಿವಿಗೊಟ್ಟು ಕೇಳಿದ.

ಸೂಜಿಗೆ ಕಾರಣವಾದದ್ದು ಸಕ್ಕರೆ ಕಾಯಿಲೆಯಲ್ಲ, ಮಂಡಿನೋವೂ ಅಲ್ಲ. ತನ್ನದೇ ಅಂಗಡಿಯಿಂದ ನೌಕರರ ರಿಯಾಯಿತಿಯಲ್ಲಿ ಕೊಂಡು ತಂದಿದ್ದ ಸೋಫಾ, ಹೆಂಡತಿಯ ಅಣ್ಣ ಬಂದು ಎದುರಿಗೆ ಕುಳಿತಿದ್ದಾಗಲೇ ಕ್ವಿಂಟಾಲಣ್ಣನಡಿಯಲ್ಲಿ ಲಟಕ್ಕನೆ ಮುರಿದುಬಿದ್ದಿತ್ತು.

"ಸೋಫಾದ್ದೇನು ತಪ್ಪು ಭಾವ, ಅದೂ ಎಷ್ಟೂಂತ ತಡ್ಕೊಳ್ಳುತ್ತೆ!" ಎಂದು ಆತ ನಕ್ಕಿದ್ದ. ಮರುದಿನವೇ ಕ್ವಿಂಟಾಲಣ್ಣ ಡಾಕ್ಟರ ಬಾಗಿಲಲ್ಲಿ ನಿಂತಿದ್ದ.

ಮೊದಲ ವಾರಗಳಲ್ಲಿ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಗಿರಾಕಿಗಳ ಮುಂದೆ ಕೊಳೆತ ಮೊಟ್ಟೆಯ ತೇಗು ಬರುತ್ತಿತ್ತು.

"ಏನ್ರೀ ಇದು, ನಾಲ್ಕು ತುತ್ತಿಗೇ ಕೈ ತೊಳೀತೀರ? ನನ್ನ ಅಡುಗೆಗೇನು ಬಂತು ರೋಗ?" ಎಂದು ಹೆಂಡತಿ ಕೇಳಿದಳು.

"ಹೊಟ್ಟೆ ತುಂಬ್ತು ಕಣೇ."

"ತುಂಬ್ತಾ? ಮದುವೆಯಾದಾಗಿಂದ ನಿಮ್ಮ ಬಾಯಲ್ಲಿ ಈ ಮಾತು ಕೇಳಿಲ್ಲ, ಹೆದರಿಸ್ಬೇಡಿ."

ಹಸಿವು ಹೋದ ಮೇಲೆ ಅವನಿಗೆ ತಿಳಿದದ್ದು, ಒಂದು ದಿನ ಎಷ್ಟು ಉದ್ದವಿರುತ್ತದೆ ಎಂಬುದು. ತಿನ್ನದೆ ಉಳಿದ ಮಧ್ಯಾಹ್ನಗಳನ್ನು ಏನು ಮಾಡಬೇಕೆಂದು ಡಾಕ್ಟರು ಚೀಟಿಯಲ್ಲಿ ಬರೆದಿರಲಿಲ್ಲ.

ಪೆಟ್ಟು ಬಿದ್ದದ್ದು ಅಂಗಡಿಯಲ್ಲಿ. ಇಪ್ಪತ್ತು ವರ್ಷಗಳಿಂದ ಅಲ್ಲಿ ಅವನ ಕೆಲಸ ಬೀಳುವುದು. ಬಾಗಿಲೆದುರಿನ ಪ್ರದರ್ಶನದ ಸೋಫಾದ ಮೇಲೆ ಇಡೀ ದೇಹವನ್ನು ಧೊಪ್ಪನೆ ಕೆಡವಿ, "ನಾನೇ ಕೂತಿದೀನಿ ಸಾರ್, ನೀವ್ಯಾವ ಲೆಕ್ಕ!" ಎನ್ನುತ್ತಿದ್ದ. ಗಿರಾಕಿ ನಗುತ್ತಲೇ ದುಡ್ಡು ಕಟ್ಟುತ್ತಿದ್ದ. ಈ ಮಾತನ್ನು ಅವನು ನಂಬಿಯೇ ಆಡುತ್ತಿದ್ದ. ಬದುಕಿನಲ್ಲಿ ಅವನು ಎದೆ ಮುಟ್ಟಿಕೊಂಡು ಹೇಳಬಲ್ಲ ಸತ್ಯ ಅದೊಂದೇ ಆಗಿತ್ತು. ಈಗ ಅವನು ಬಿದ್ದರೆ ದಿಂಬು ಬಿದ್ದಂತಿರುತ್ತಿತ್ತು.

"ನೀವು ಹಗುರ ಇದೀರ ಬಿಡಿ. ನಮ್ಮ ಮಾವನವರು ಕೂತ್ರೆ?" ಎಂದು ಹೆಂಗಸೊಬ್ಬಳು ಕೇಳಿ ಹೊರಟೇ ಹೋದಳು.

ಔಷಧಿ ಅಂಗಡಿಯವನಿಂದ ಸೂಜಿಯ ವಿಷಯ ತಿಳಿದಿದ್ದ ಯಜಮಾನ ಒಳಗೆ ಕರೆದ. "ತೂಕ ಇಳೀತು, ಸಂತೋಷ. ವ್ಯಾಪಾರನೂ ಇಳೀತಲ್ಲಯ್ಯಾ! ಆ ಸೂಜಿ ನಿಲ್ಲಿಸು, ಚೆನ್ನಾಗಿ ತಿನ್ನು, ಖರ್ಚು ಅಂಗಡೀದು. ಆಗಲ್ಲ ಅಂದ್ರೆ ನಾನು ಇನ್ನೊಬ್ಬನ್ನ ನೋಡ್ಕೋಬೇಕಾಗುತ್ತೆ."

ಕ್ವಿಂಟಾಲಣ್ಣ ಆ ವಾರ ಸೂಜಿ ಚುಚ್ಚಿಕೊಳ್ಳಲಿಲ್ಲ. ಮಂಡಿಗಿಂತ ತಾನು ಗಿರಾಕಿಗಳಿಗೆ ಆಡುವ ಮಾತು ದೊಡ್ಡದೆಂದು ಅವನಿಗೆ ಅನ್ನಿಸಿತ್ತು.

ಹಾಗೆ ಅನ್ನಿಸಿದ ಮೂರನೆಯ ದಿನ, ಗಿರಾಕಿಯೊಬ್ಬನ ಕಾರಿನ ಕೀಲಿ ಜಾರಿ ಪ್ರದರ್ಶನದ ಸೋಫಾದಡಿ ಸೇರಿತು. ಎಲ್ಲರೂ ಅಭ್ಯಾಸಬಲದಿಂದ ಬೇರೆ ಯಾರನ್ನೋ ಕೂಗುವಷ್ಟರಲ್ಲಿ, "ಇರಿ, ನಾನೇ ತೆಗೀತೀನಿ" ಎಂದು ಅವನು ನೆಲಕ್ಕೆ ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿದ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಬಗ್ಗಿದ ಸಡಗರ ಅದು. ಕೀಲಿ ಅಲ್ಲಿತ್ತು. ಅದರ ಮೇಲ್ಗಡೆ, ಸೋಫಾದ ತಳಕ್ಕೆ, ಗೇಟಿಗೆ ಹಾಕುವಂಥ ದಪ್ಪ ಕಬ್ಬಿಣದ ಪಟ್ಟಿಗಳನ್ನು ಅಡ್ಡಡ್ಡಲಾಗಿ ಬೆಸೆದಿದ್ದರು.

ಕೀಲಿ ಕೊಟ್ಟು ಪಕ್ಕದ ಸೋಫಾದಡಿ ಬಗ್ಗಿದ. ಮಾರಾಟದ್ದು. ತೆಳು ಹಲಗೆ, ಅದಕ್ಕೆ ಹೊಡೆದ ಪಿನ್ನುಗಳು. ಮನೆಯಲ್ಲಿ ಮುರಿದದ್ದರ ಹೊಟ್ಟೆಯಲ್ಲೂ ಅವೇ ಇದ್ದವು.

"ಯಜಮಾನ್ರೇ, ಅದರಡಿ ಕಬ್ಬಿಣ ಇದೆ."

"ಮತ್ತೆ? ನಿನ್ನ ಭಾರಕ್ಕೆ ಮರ ನಿಲ್ಲುತ್ತೇನಯ್ಯಾ?"

"ಮಾರೋದ್ರಲ್ಲಿ ಇಲ್ಲ."

"ಕೊಳ್ಳೋರು ನಿನ್ನಷ್ಟು ದಪ್ಪ ಇರಲ್ಲ."

"ಎಲ್ಲರಿಗೂ ಗೊತ್ತಿತ್ತಾ?"

"ಕಸ ಗುಡಿಸೋಳಿಗೂ ಗೊತ್ತು. ನಿನಗೆ ಹೇಳಿದ್ರೆ ಮುಖದಲ್ಲಿ ಕಾಣ್ತಿತ್ತು. ನೀನು ಬಗ್ಗಲ್ಲ ಅನ್ನೋ ಧೈರ್ಯದ ಮೇಲೇ ಈ ಅಂಗಡಿ ನಡೆದದ್ದು ಕಣಯ್ಯಾ."

ಇಲ್ಲಿ ಅವನು ಕೆಲಸವನ್ನು ಯಜಮಾನನ ಮುಖಕ್ಕೆಸೆದು, ಮೋಸಹೋದ ಗಿರಾಕಿಗಳ ಮನೆಬಾಗಿಲು ತಟ್ಟಿದನೆಂದು ಬರೆಯಲು ಯಾರಿಗಾದರೂ ಆಸೆಯಾದೀತು. ಅವನು ಮಾಡಿದ್ದು ಬೇರೆ. ಅಂದು ಸಂಜೆ, ಆ ವಾರ ಬಿಟ್ಟಿದ್ದ ಸೂಜಿಯನ್ನು ಎಂದಿಗಿಂತ ಸ್ವಲ್ಪ ಜೋರಾಗಿಯೇ ಚುಚ್ಚಿಕೊಂಡ. ಮರುದಿನ ಯಜಮಾನನೆದುರು ಕುಳಿತು ಎರಡು ಬೇಡಿಕೆಯಿಟ್ಟ: ಕೂತು ತೋರಿಸುವ ಅಗತ್ಯವಿಲ್ಲದ ಒಂದು ಕುರ್ಚಿ, ಮತ್ತು ಆ ಕಬ್ಬಿಣದ ಸೋಫಾ. ಅವನ ಬಾಯಿ ಮುಚ್ಚಿಸುವುದು ಇಷ್ಟು ಅಗ್ಗವೆಂದು ಊಹಿಸಿರದ ಯಜಮಾನ ಕೂಡಲೇ ಒಪ್ಪಿದ.

ಈಗ ಕ್ವಿಂಟಾಲಣ್ಣ ಎಪ್ಪತ್ತಾರು ಕಿಲೋ. ಒಳಗಿನ ಮೇಜಿನಲ್ಲಿ ಕುಳಿತು, ಸೋಫಾ ತಲುಪಿಸಬೇಕಾದ ವಿಳಾಸಗಳನ್ನು ಬರೆದುಕೊಳ್ಳುತ್ತಾನೆ. ಸೂಜಿ ನಿಲ್ಲಿಸಿದರೆ ಹೋದದ್ದೆಲ್ಲ ಮರಳೀತೆಂದು ಡಾಕ್ಟರು ಹೇಳಿರುವುದರಿಂದ ಚುಚ್ಚಿಕೊಳ್ಳುವುದೂ ಮುಂದುವರಿದಿದೆ. ನಾಲ್ವರು ಆಳುಗಳು ಏದುಸಿರು ಬಿಡುತ್ತ ಹೊತ್ತು ತಂದ ಸೋಫಾ ಮನೆಯಲ್ಲಿದೆ. ಅಷ್ಟು ಗಟ್ಟಿಯಾದದ್ದು ಬೇಕಾಗುವವರು ಆ ಮನೆಯಲ್ಲಿ ಯಾರೂ ಉಳಿದಿಲ್ಲ. ಹೆಂಡತಿಯ ಅಣ್ಣ ಬಂದು ಅದರ ಮೇಲೆ ಕುಳಿತು, "ನೋಡಿದ್ರಾ ಭಾವ, ನೀವು ಇಳಿದ ಮೇಲೆ ಸೋಫಾನೂ ಉಳೀತು" ಎಂದು ಹೋಗಿದ್ದಾನೆ.

ಅಂಗಡಿಯ ಬಾಗಿಲೆದುರು ಹೊಸ ಕಬ್ಬಿಣದ ಸೋಫಾ ಬಂದಿದೆ, ಹೊಸ ದಪ್ಪ ಮನುಷ್ಯನೂ ಬಂದಿದ್ದಾನೆ. ಸಂದರ್ಶನದಲ್ಲಿ ಯಜಮಾನ ತನ್ನ ಪೆನ್ನನ್ನು ನೆಲಕ್ಕೆ ಬೀಳಿಸಿ ಎತ್ತಿಕೊಡಲು ಹೇಳಿದನಂತೆ. ಆತ ಪೆನ್ನನ್ನೂ ತನ್ನ ಹೊಟ್ಟೆಯನ್ನೂ ನೋಡಿ ಬೆವರಿದ. ಕೆಲಸ ಅಲ್ಲೇ ಖಾಯಂ ಆಯಿತು. ಆತ ದಿನವಿಡೀ ಧೊಪ್ಪನೆ ಬೀಳುತ್ತಾನೆ, ನಂಬಿಯೇ ಮಾತಾಡುತ್ತಾನೆ. ಕ್ವಿಂಟಾಲಣ್ಣ ಅವನಿಗೆ ಇನ್ನೂ ಏನನ್ನೂ ಹೇಳಿಲ್ಲ.