ದತ್ತೂ ಮಿಸ್ತ್ರಿಯ ಕಡ್ಡಿಪೆಟ್ಟಿಗೆ

ಇವತ್ತು ಬೆಳಿಗ್ಗೆ ನಮ್ಮ ಮನೆಯ ಗ್ಯಾಸ್ ಲೈಟರ್ ಪ್ರಾಣ ಬಿಟ್ಟಿತು. ನಮ್ಮ ಬಿಬವೇವಾಡಿ ಬಡಾವಣೆಯಲ್ಲಿ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹಾಕಿದರೆ ಹೊಸದು ಸಿಗುತ್ತದೆ, ನಿಜ. ಆದರೆ ನಿವೃತ್ತ ಗಂಡಸು ಚಹಾ ಕುಡಿಯದೆ ನಾಲ್ಕು ಹೆಜ್ಜೆ ಹಾಕುವುದು ಶಾಸ್ತ್ರಸಮ್ಮತವಲ್ಲ. ಹೀಗಾಗಿ ನನ್ನ ಹೆಂಡತಿ ಬೆಂಕಿಗಾಗಿ ಮನೆಯನ್ನೆಲ್ಲ ಜಾಲಾಡಿ, ಕೊನೆಗೆ ನನ್ನ ಮೇಜಿನ ಕೆಳಗಿನ ಖಾನೆಗೂ ಕೈಹಾಕಿದಳು. ಹಳೆಯ ಕನ್ನಡಕಗಳು, ಸತ್ತ ಗಡಿಯಾರಗಳು ಮುಂತಾದ ನನ್ನ ಆಸ್ತಿಯೆಲ್ಲ ಇರುವ ಜಾಗ ಅದು.

"ಸಿಕ್ತ್ ನೋಡ್ರಿ! ಈ ವಯಸ್ಸಿನಾಗ ಬೀಡಿ ಸೇದೂದು ಸುರು ಮಾಡೀರೇನು?" ಎಂದಳು. ನಾನು ಎದ್ದು ಬರುವಷ್ಟರಲ್ಲಿ ಒಂದು ಕಡ್ಡಿ ಗೀರಿಯೇಬಿಟ್ಟಿದ್ದಳು. ಗಂಧಕದ ಆ ವಾಸನೆ ಮೂಗಿಗೆ ಬಡಿದದ್ದೇ ನಾನು "ಇಡು ಅದನ್ನ!" ಎಂದು ಚೀರಿದೆ. ಇಷ್ಟು ವರ್ಷದ ಸಂಸಾರದಲ್ಲಿ ಅಡಿಗೆಮನೆಯ ಕಡೆ ಮುಖ ಮಾಡಿ ನಾನು ಉಪ್ಪಿನ ವಿಷಯಕ್ಕೂ ಚೀರಿದವನಲ್ಲ. ಆಕೆ ಕಡ್ಡಿ ಆರಿಸಿ, ಪೆಟ್ಟಿಗೆಯನ್ನು ತಿರುವಿ ನೋಡಿದಳು. ಅದಕ್ಕೆ ರಬ್ಬರ್ ಬ್ಯಾಂಡಿನಿಂದ ಒಂದು ಹಿತ್ತಾಳೆಯ ಬಿಲ್ಲೆ ಬಿಗಿದಿತ್ತು. ಬಿಲ್ಲೆಯ ಮೇಲೆ ಹದಿನಾಲ್ಕು ಎಂಬ ಅಂಕಿ.

"ಯಾರದಿದು?"

ಆಕೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆಕೆ ಚಹಾ ಬಿಟ್ಟು ಕೇಳಿದಳು. ನೀವು ಕುಡಿಯುತ್ತಲೇ ಕೇಳಿ.

ಇದೇ ಊರಿನ ಯೆರವಡಾದಲ್ಲಿ ಏಳು ಮಹಡಿಯ ಒಂದು ಗಾಜಿನ ಕಟ್ಟಡಕ್ಕೆ ನಾನು ವ್ಯವಸ್ಥಾಪಕನಾಗಿದ್ದೆ. ವ್ಯವಸ್ಥಾಪಕ ಎಂದರೆ ದೊಡ್ಡದೇನಲ್ಲ. ನಲ್ಲಿ ಸೋರಿದರೆ ಬೈಸಿಕೊಳ್ಳುವುದು, ಲಿಫ್ಟ್ ನಿಂತರೆ ಬೈಸಿಕೊಳ್ಳುವುದು, ಎರಡೂ ಸರಿಯಿದ್ದರೆ ನೋಟೀಸು ಬರೆಯುವುದು. ನೋಟೀಸಿನಲ್ಲಿ ಮಾತ್ರ ನನಗೆ ಸಾಟಿಯಿರಲಿಲ್ಲ. ಧಾರವಾಡದ ಶಾಲೆಯಲ್ಲಿ ಕಲಿತ ವ್ಯಾಕರಣವನ್ನೆಲ್ಲ ನಾನು ಮೂತ್ರಿಖಾನೆಯ ಗೋಡೆಗಳ ಮೇಲೆ ಖರ್ಚು ಮಾಡಿದ್ದೇನೆ.

ಮೇಲಿನ ಕ್ಯಾಂಟೀನಿನಲ್ಲಿ ತಂಪು ಪಾನೀಯದ ಯಂತ್ರವೊಂದಿತ್ತು. ಹಿಡಿಕೆ ಒತ್ತಿದರೆ ಬಣ್ಣದ ನೀರು ಬುಸುಗುಟ್ಟುತ್ತ ಬೀಳುತ್ತಿತ್ತು. ಹುಡುಗ ಹುಡುಗಿಯರು ಅದನ್ನು ಹೀರುತ್ತ ಗಣಕಲೋಕದ ಭಾರ ಇಳಿಸಿಕೊಳ್ಳುತ್ತಿದ್ದರು. ಅದರ ಕರುಳು ಜಠರಗಳೆಲ್ಲ ನೆಲಮಾಳಿಗೆಯಲ್ಲಿದ್ದವು. ವಾಹನ ಇಳಿಯುವ ಇಳಿಜಾರಿನ ಕೆಳಗೆ, ಕಿಟಕಿಯಿಲ್ಲದ ಒಂದು ಕೋಣೆ. ಅದರೊಳಗೆ ಶರಬತ್ತಿನ ಚೀಲಗಳು, ಪಂಪು, ಸೋಡಾ ಗ್ಯಾಸಿನ ಸಿಲಿಂಡರು. ಅಲ್ಲಿಂದ ಕೊಳವೆಗಳು ಮೇಲಕ್ಕೆ ಹೋಗುತ್ತಿದ್ದವು. ಕುಡಿಯುವವರು ಯಾರೂ ಆ ಕೋಣೆಯನ್ನು ನೋಡಿರಲಿಲ್ಲ. ಸಿಲಿಂಡರು ಬದಲಿಸುವ ಕ್ಯಾಂಟೀನಿನವರನ್ನು ಬಿಟ್ಟರೆ ನೋಡುತ್ತಿದ್ದವನು ದತ್ತೂ ಮಿಸ್ತ್ರಿ ಒಬ್ಬ.

ಯಂತ್ರದ ಕಂಪನಿ ಕಳಿಸುತ್ತಿದ್ದ ರಿಪೇರಿ ಮನುಷ್ಯ ಅವನು. ತಿಂಗಳಿಗೊಮ್ಮೆ ದೌಂಡದಿಂದ ರೈಲಿನಲ್ಲಿ ಬಂದು ಕೊಳವೆ ತೊಳೆದು, ವಾಷರು ಬದಲಿಸಿ, ಮೊದಲ ಗ್ಲಾಸನ್ನು ತಾನೇ ಕುಡಿದು, ಮುಖ ಸಿಂಡರಿಸಿ, "ಸರಿ ಅದ" ಎನ್ನುತ್ತಿದ್ದ. ಸೊಲ್ಲಾಪುರದ ಕಡೆಯವನಾದ್ದರಿಂದ ಮರಾಠಿಯಷ್ಟೇ ಚೆನ್ನಾಗಿ ಕನ್ನಡವೂ ಬರುತ್ತಿತ್ತು. ನನ್ನ ಜತೆ ಕನ್ನಡದಲ್ಲೇ ಮಾತು.

ಅವನಿಗೊಂದು ಪದ್ಧತಿಯಿತ್ತು. ಕೋಣೆಯ ಬಾಗಿಲು ತೆರೆದವನೇ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕಡ್ಡಿ ಗೀರುವನು. ಉರಿಯುವ ಕಡ್ಡಿಯನ್ನು ಕೈ ಚಾಚಿ ಮೆಲ್ಲಗೆ ನೆಲದವರೆಗೆ ಇಳಿಸುವನು. ಅದು ಉರಿಯುತ್ತಲೇ ಇದ್ದರೆ ಒಳಗೆ ಹೋಗುವನು. ಮೊದಲ ಸಲ ನೋಡಿದಾಗ ನಾನು ನಕ್ಕಿದ್ದೆ.

"ಏನ್ ಮಿಸ್ತ್ರಿ, ಸಿಲಿಂಡರಿಗೂ ಆರತಿಯೇನು?"

"ಆರತಿ ಅಲ್ರಿ ಸಾಹೇಬ್ರ. ಈ ಗ್ಯಾಸಿಗೆ ಬಣ್ಣಿಲ್ಲ, ವಾಸನಿ ಇಲ್ಲ. ಸೋರಿದ್ರ ನೀರಿನಂಗ ನೆಲಕ್ಕ ನಿಂದರ್ತದ. ನಾವು ಬಗ್ಗಿ ಕೆಲಸಾ ಮಾಡೂ ಮಂದಿ. ಮೂಗು ಮುಳುಗಿದ್ದು ಗೊತ್ತಾಗೂದ್ರಾಗ ಮುಗದಿರ್ತದ. ಕಡ್ಡಿ ಆರಿದ್ರ ನಾ ಹೊರಗ, ಕಡ್ಡಿ ಉರದ್ರ ನಾ ಒಳಗ."

ಗಾಳಿ ಅಳೆಯುವ ಯಂತ್ರ ಸಿಗುತ್ತದಂತೆ. ಕಂಪನಿಯನ್ನು ಕೇಳಿದರೆ ಬರುತ್ತದೆ ಎಂದಿದ್ದರಂತೆ. ಅದು ಬರುವತನಕ ಕಡ್ಡಿಪೆಟ್ಟಿಗೆ.

ಈಗ ನನ್ನ ಪ್ರತಿಭೆಯ ವಿಷಯಕ್ಕೆ ಬರುತ್ತೇನೆ. ಮೂರನೆಯ ಮಹಡಿಯ ಮೆಟ್ಟಿಲಲ್ಲಿ ಯಾರೋ ಪುಣ್ಯಾತ್ಮ ಸಿಗರೇಟು ಹಚ್ಚಿದ; ಅದರ ಹೊಗೆಗೆ ಅಪಾಯದ ಗಂಟೆ ಹೊಡೆದು, ಇಡೀ ಕಟ್ಟಡ ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಿಸಿಲಿಗೆ ಬಂದು ನಿಂತಿತು. ಮಾಲೀಕರು ನನ್ನನ್ನು ಕರೆಸಿದರು. ಅಂದು ಸಂಜೆಯೇ ನಾನು ಮೂರು ಭಾಷೆಗಳಲ್ಲಿ ಶಾಸನ ಹೊರಡಿಸಿದೆ: ಬೆಂಕಿಪೊಟ್ಟಣ, ಲೈಟರು ಇತ್ಯಾದಿಗಳನ್ನು ದ್ವಾರದಲ್ಲಿ ಒಪ್ಪಿಸಿ, ಬಿಲ್ಲೆ ಪಡೆದು, ಹೋಗುವಾಗ ಬಿಲ್ಲೆ ಕೊಟ್ಟು ಮರಳಿ ಪಡೆಯತಕ್ಕದ್ದು. ಇದಕ್ಕೆ ಯಾರೂ ಹೊರತಲ್ಲ. "ಯಾರೂ ಹೊರತಲ್ಲ" ಎಂಬ ವಾಕ್ಯದ ಕೆಳಗೆ ಗೆರೆ ಎಳೆದವನು ನಾನೇ. ಹಿತ್ತಾಳೆಯ ಬಿಲ್ಲೆಗಳನ್ನು ರವಿವಾರ ಪೇಟೆಗೆ ಹೋಗಿ ಸ್ವತಃ ಆರಿಸಿ ತಂದಿದ್ದೆ.

ದತ್ತೂ ಮಿಸ್ತ್ರಿ ನನ್ನ ಮೇಜಿನ ಮುಂದೆ ಬಂದು ನಿಂತ. "ಸಾಹೇಬ್ರ, ಪಾನಾ ಬಿಡ್ತೀರಿ, ಸ್ಕ್ರೂಡ್ರೈವರ್ ಬಿಡ್ತೀರಿ. ನನ್ನ ಕಡ್ಡಿಪೆಟಗಿನೂ ಹತ್ಯಾರನ ಅದರಿ."

"ನಿಯಮ ಅಂದ್ರ ನಿಯಮ, ಮಿಸ್ತ್ರಿ. ಅರ್ಜಿ ಬರದು ಕೊಡು, ನೋಡೂಣು."

ಬರೆದುಕೊಟ್ಟ. ಗುಂಡಗಿನ ಮರಾಠಿ ಅಕ್ಷರಗಳಲ್ಲಿ ನಾಲ್ಕೇ ಸಾಲು. ನಾನು ಅದನ್ನು ಪರಿಶೀಲನೆಯ ತಟ್ಟೆಯಲ್ಲಿಟ್ಟೆ. ಪರಿಶೀಲನೆಯ ತಟ್ಟೆಯೆಂದರೆ ಕಾಗದಗಳು ವಾನಪ್ರಸ್ಥಕ್ಕೆ ಹೋಗುವ ಜಾಗ. ಮುಂದಿನ ಎರಡು ಸಲ ಅವನು ಬಾಗಿಲು ತೆರೆದು, ಕಾವಲಿನವನ ಟೇಬಲ್ ಫ್ಯಾನು ಬೇಡಿ ತಂದು, ಅರ್ಧ ಗಂಟೆ ಗಾಳಿ ಹಾಯಿಸಿ ಆಮೇಲೆ ಒಳಗೆ ಹೋದ. "ಮಿಸ್ತ್ರಿ ಗಾಳಿ ತಗೊಳ್ಳಾಕತ್ತಾನ" ಎಂದು ನಾವು ಚೇಷ್ಟೆ ಮಾಡಿದೆವು.

ಮೂರನೆಯ ಸಲ ಅವನು ಬಂದದ್ದು ತಿಂಗಳ ಸರದಿಗಲ್ಲ, ನನ್ನ ಫೋನಿಗೆ. ಮೇಲೆ ಯಾವುದೋ ಕಂಪನಿಯ ಹುಟ್ಟುಹಬ್ಬ, ಪರದೇಶದ ಅತಿಥಿಗಳು, ಯಂತ್ರದಲ್ಲಿ ಬುಸುಗುಡದ ಸಪ್ಪೆ ನೀರು. ಕ್ಯಾಂಟೀನಿನವರು ಬೆಳಿಗ್ಗೆಯಷ್ಟೇ ಹೊಸ ಸಿಲಿಂಡರು ಜೋಡಿಸಿದ್ದರು, ಅದೂ ಖಾಲಿ. ಒಂದು ತುಂಬಿದ ಸಿಲಿಂಡರು ಅರ್ಧ ದಿನದಲ್ಲಿ ಎಲ್ಲಿಗೆ ಹೋಗುತ್ತದೆಂದು ನಾನು ಯೋಚಿಸಲಿಲ್ಲ. ಯೋಚಿಸುವುದು ನನ್ನ ಇಲಾಖೆಯಲ್ಲ. ಮಿಸ್ತ್ರಿ ಗೇಟಿನಲ್ಲಿ ಕಡ್ಡಿಪೆಟ್ಟಿಗೆ ಒಪ್ಪಿಸಿ, ಬಿಲ್ಲೆ ಜೇಬಿಗಿಳಿಸಿ, "ಫ್ಯಾನ್ ಬೇಕಲ್ರಿ" ಎಂದ. ಫ್ಯಾನು ಮೇಲೆ ಅತಿಥಿಗಳ ಹತ್ತಿರ ಹೋಗಿತ್ತು.

"ಮಿಸ್ತ್ರಿ, ಅವರು ಗ್ಲಾಸ್ ಹಿಡಕೊಂಡು ನಿಂತಾರ! ಐದು ನಿಮಿಷದಾಗ ಆಗಬೇಕು ನೋಡು."

ಅವನು ನನ್ನ ಮುಖ ನೋಡಿದ. ಆಮೇಲೆ ಚೀಲ ಎತ್ತಿಕೊಂಡು ಇಳಿಜಾರು ಇಳಿದ.

ಮುಕ್ಕಾಲು ಗಂಟೆ ಕಳೆದರೂ ಬುಸುಗುಟ್ಟುವ ಸದ್ದು ಬರಲಿಲ್ಲವೆಂದು ಬೈಯಲು ನಾನೇ ಕೆಳಗೆ ಹೋದೆ. ನೆಲಮಟ್ಟದ ಕೊಳವೆಯ ಮುಂದೆ, ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡೇ, ಮಿಸ್ತ್ರಿ ಹಣೆ ನೆಲಕ್ಕೆ ಹಚ್ಚಿ ಬಿದ್ದಿದ್ದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮೂಗಿಗೆ ಯಾವ ವಾಸನೆಯೂ ಬರಲಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು.

ವಿಚಾರಣೆಯ ಕಾಗದದಲ್ಲಿ "ರೂಢಿಯ ಪರೀಕ್ಷೆಯನ್ನು ಮಾಡದೆ ಪ್ರವೇಶಿಸಿದ್ದರಿಂದ" ಎಂದು ಬರೆಯಲಾಯಿತು. ಭಾಷೆ ಚೆನ್ನಾಗಿತ್ತು, ಏಕೆಂದರೆ ಬರೆದವನು ನಾನು. ಮಿಸ್ತ್ರಿಯ ಜೇಬಿನಲ್ಲಿದ್ದ ಬಿಲ್ಲೆಯನ್ನು ಪೊಲೀಸರು "ಇದು ನಿಮ್ಮದಲ್ಲವೇ" ಎಂದು ನನಗೇ ಕೊಟ್ಟರು. ಗೇಟಿನ ಡಬ್ಬಿಯಿಂದ ಹದಿನಾಲ್ಕರ ಕಡ್ಡಿಪೆಟ್ಟಿಗೆ ತೆಗೆದು, ಎರಡನ್ನೂ ಸೇರಿಸಿ ಜೇಬಿಗಿಟ್ಟುಕೊಂಡೆ. ಅರ್ಜಿಯನ್ನು ಹರಿದೆ. ಒಂದು ವಾರದಲ್ಲಿ ಆ ಕೋಣೆಯ ಗೋಡೆಗೆ ಗಾಳಿ ಅಳೆಯುವ ಯಂತ್ರ ಬಂತು.

ಮಿಸ್ತ್ರಿಯ ಮಗಳು ರೇಖಾ ಅಪ್ಪನ ಚೀಲ ಒಯ್ಯಲು ಬಂದಿದ್ದಳು. ಅಳಲಿಲ್ಲ. ಚೀಲದಲ್ಲಿ ಕೈಯಾಡಿಸಿ ಏನನ್ನೋ ಹುಡುಕಿದಳು.

"ಕಡ್ಡಿಪೆಟಗಿ ಇಲ್ಲಲ್ರಿ ಇದರಾಗ. ನಮ್ಮಪ್ಪ ಕಡ್ಡಿ ಗೀರಲಾರ್ದ ಒಳಗ ಹೋಗೂ ಮನಷ್ಯಾ ಅಲ್ರಿ ಸಾಹೇಬ್ರ. ಅವತ್ತ ಏನಾತು?"

"ಏನೋ ಅವಸರ ಇತ್ತವ್ವ" ಎಂದೆ.

ಸುಳ್ಳಲ್ಲ ನೋಡಿ. ಅವಸರ ಇದ್ದೇ ಇತ್ತು. ಯಾರದು ಎಂದು ನಾನು ಹೇಳಲಿಲ್ಲ, ಅಷ್ಟೆ. ಅಪ್ಪ ಎಚ್ಚರಿಕೆ ಮರೆತ, ಅವಸರಕ್ಕೆ ಸತ್ತ ಎಂಬುದನ್ನು ಆ ಚೀಲದ ಜತೆಗೆ ಹೊತ್ತುಕೊಂಡು ಅವಳು ದೌಂಡದ ಗಾಡಿ ಹತ್ತಿದಳು.

ಇಷ್ಟು ಹೇಳಿ, ನನ್ನ ಹೆಂಡತಿಯಿಂದ ಸಮಾಧಾನದ ಮಾತು ಬರುತ್ತದೆಂದು ನಾನು ಕಾದೆ. ಆಕೆ ಪೆಟ್ಟಿಗೆಗೆ ಬಿಲ್ಲೆಯನ್ನು ಮತ್ತೆ ಬಿಗಿದು ನನ್ನ ಮುಂದಿಟ್ಟಳು.

"ಆ ಹುಡಗಿ ಇನ್ನೂ ಹಂಗ ತಿಳಕೊಂಡ ಕುಂತಾಳೇನ್ರಿ?"

"ಹೂಂ."

"ದೌಂಡದ ಗಾಡಿ ಎಷ್ಟಕ್ಕದ?"

ಚಹಾ ಸಿಗಲಿಲ್ಲ. ಸ್ಟೇಷನ್ನಿನ ತಪಾಸಣೆಯ ಬಾಗಿಲಲ್ಲಿ ಯಂತ್ರ ಕೂಗಿತು, ಹಿತ್ತಾಳೆಗೆ ಇರಬೇಕು. ಮೊಮ್ಮಗನ ವಯಸ್ಸಿನ ಪೊಲೀಸಿನವನು ಮರಾಠಿಯಲ್ಲಿ, "ಖಿಶಾತ್ ಕಾಯ್ ಆಹೇ, ಕಾಕಾ?" ಜೇಬಿನಲ್ಲೇನಿದೆ, ಎಂದ. ಜೇಬಿನಲ್ಲಿದ್ದುದನ್ನು ತೆಗೆದು ಅವನ ಅಂಗೈ ಮೇಲಿಟ್ಟೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಬೀಡಿ ಸೇದುತ್ತೀರೇನು ಎಂದು ಕೇಳಿದ. ಇಲ್ಲ, ಇದು ಬೇರೆಯವರದು, ಮರಳಿ ಕೊಡಬೇಕು ಎಂದೆ.

"ಮಗ ದೇಊನ್ ಯಾ," ಹಾಗಾದರೆ ಕೊಟ್ಟು ಬನ್ನಿ, ಎಂದು ನನ್ನ ಕೈಗೇ ವಾಪಸು ಇಟ್ಟು, ಹಿಂದಿನವರನ್ನು ಕರೆದ.

ಅರ್ಜಿ ಕೇಳಲಿಲ್ಲ.